ಗೆಳೆಯನ ಜೊತೆ ಥಾರ್ ಮರುಭೂಮಿಯಲ್ಲಿ ಸೈಕಲ್: ಬಿಕಾನೇರಿನಿಂದ ಜೈಸಲ್ಮೇರಿಗೆ, ಹಂತ ಹಂತವಾಗಿ

ಮರುಭೂಮಿಯಲ್ಲಿ ಸೈಕಲ್ ತುಳಿಯಲು ಹೊರಟಿದ್ದೇವೆ ಅಂದ ಕೂಡಲೇ ಜನ ಕೇಳುವುದು ಎರಡೇ ಪ್ರಶ್ನೆ. ಮರಳಲ್ಲಿ ಚಕ್ರ ಹೂತುಹೋಗಲ್ವಾ? ಬಿಸಿಲಿಗೆ ಬೆಂದುಹೋಗಲ್ವಾ? ಎರಡಕ್ಕೂ ಉತ್ತರ ಸುಲಭ. ರಸ್ತೆ ಪೂರ್ತಿ ಡಾಂಬರು, ಹೋಗುವುದು ಚಳಿಗಾಲದಲ್ಲಿ. ನಿಜವಾದ ತೊಂದರೆಗಳೇ ಬೇರೆ. ಊರಿಗೂ ಊರಿಗೂ ನಡುವೆ ನೆರಳಿಲ್ಲದ ಉದ್ದನೆಯ ಹಾದಿ, ಹೊತ್ತೇರಿದಂತೆ ಏಳುವ ಗಾಳಿ, ರಸ್ತೆ ಬದಿಯ ಮುಳ್ಳು, ಇವೆಲ್ಲದರ ಜೊತೆಗೆ ನಿಮ್ಮ ವೇಗಕ್ಕೂ ಗೆಳೆಯನ ವೇಗಕ್ಕೂ ಹೊಂದಿಕೆ ಆಗದೇ ಇರುವುದು. ಈ ಕೊನೆಯದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅರ್ಧ ದಾರಿಗೇ ಬಸ್ಸು ಹತ್ತಿ ವಾಪಸ್ ಬಂದವರನ್ನು ಕೇಳಿ ನೋಡಿ, ಬಹಳಷ್ಟು ಜನ ಹೇಳುವ ಕಾರಣ ಅದೇ ಇರುತ್ತದೆ.

ಹಾಗಾಗಿ ಈ ಇಡೀ ಮಾರ್ಗದರ್ಶಿ ಒಂದು ಲೆಕ್ಕದ ಮೇಲೆ ನಿಂತಿದೆ. ಇಬ್ಬರಲ್ಲಿ ಯಾರು ನಿಧಾನವೋ ಅವರು ಮಧ್ಯಾಹ್ನದ ಮೇಲೆ ಎಷ್ಟು ವೇಗದಲ್ಲಿ ತುಳಿಯುತ್ತಾರೋ, ಅದೇ ನಿಮ್ಮ ಪ್ಲಾನಿನ ವೇಗ. ಬೆಳಗ್ಗೆ ಏಳೂವರೆಗೆ ಕಾಲು ಹೊಸದಾಗಿರುವಾಗಿನ ವೇಗ ಅಲ್ಲ, ನಂದಿಬೆಟ್ಟಕ್ಕೆ ಹೋಗಿ ಬಂದ ದಿನದ ವೇಗವೂ ಅಲ್ಲ.

ಮೊದಲು ಹಾದಿ ಗೊತ್ತು ಮಾಡಿಕೊಳ್ಳಿ

ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಬಿಕಾನೇರಿನಿಂದ ಜೈಸಲ್ಮೇರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 11. ಒಟ್ಟು ಸುಮಾರು 330 ಕಿಲೋಮೀಟರ್. ಹಳೆಯ ಮ್ಯಾಪುಗಳಲ್ಲಿ ಇದೇ ರಸ್ತೆ ಹೆದ್ದಾರಿ 15 ಅಂತ ಇರುತ್ತದೆ, ಗಾಬರಿಯಾಗಬೇಡಿ. ಏರಿಳಿತ ಬಹಳ ಕಡಿಮೆ. ಹಾದಿಯಲ್ಲಿ ಕೋಲಾಯತ್, ಬಾಪ್, ಫಲೋದಿ, ರಾಮದೇವ್ರಾ, ಪೋಕರಣ್ ಸಿಗುತ್ತವೆ. ರೈಲು ಹಳಿಯೂ ಬಹುಪಾಲು ಇದೇ ದಿಕ್ಕಿನಲ್ಲಿ ಇರುವುದರಿಂದ ಯಾರಿಗಾದರೂ ಹುಷಾರು ತಪ್ಪಿದರೆ ಸೈಕಲ್ ಸಮೇತ ಹೊರಬೀಳಲು ದಾರಿ ಇದೆ. ಜೈಸಲ್ಮೇರಿನಿಂದ ಗಡಿಯ ಕಡೆಗೆ ಹೋಗುವ ತನೋಟ್ ರಸ್ತೆ ಇದಕ್ಕಿಂತ ಚೆಂದ, ಅನುಮಾನವೇ ಇಲ್ಲ. ಆದರೆ ಅಲ್ಲಿ ಅಂಗಡಿ ಕಡಿಮೆ, ಫೋನ್ ಸಿಗ್ನಲ್ ಕಡಿಮೆ, ಸೇನೆಯ ತಪಾಸಣೆ ಜಾಸ್ತಿ. ಅದನ್ನು ಎರಡನೇ ಸಲಕ್ಕೆ ಇಟ್ಟುಕೊಳ್ಳಿ.

ಬಿಕಾನೇರಿನಿಂದಲೇ ಯಾಕೆ ಶುರು ಮಾಡಬೇಕು, ಜೈಸಲ್ಮೇರಿನಿಂದ ಯಾಕಲ್ಲ? ಗಾಳಿಯ ಕಾರಣಕ್ಕೆ. ಬೇಸಿಗೆಯಲ್ಲಿ ಇಲ್ಲಿ ನೈಋತ್ಯದಿಂದ ಜೋರಾಗಿ ಬೀಸುತ್ತದೆ. ಜೈಸಲ್ಮೇರಿನ ಸುತ್ತ ಅಷ್ಟೊಂದು ಗಾಳಿಯಂತ್ರ ನಿಂತಿರುವುದು ಸುಮ್ನೆ ಅಲ್ಲ. ಚಳಿಗಾಲದಲ್ಲಿ ಗಾಳಿ ಅಷ್ಟು ಜೋರಿರುವುದಿಲ್ಲ, ಬೀಸಿದರೂ ಹೆಚ್ಚಾಗಿ ಉತ್ತರ, ಈಶಾನ್ಯದ ಕಡೆಯಿಂದ. ನೀವು ಹೋಗುತ್ತಿರುವುದು ನೈಋತ್ಯಕ್ಕೆ. ಅದೃಷ್ಟ ಇದ್ದರೆ ಗಾಳಿ ಬೆನ್ನು ತಳ್ಳುತ್ತದೆ, ಇಲ್ಲದಿದ್ದರೆ ಕನಿಷ್ಠ ಮುಖಕ್ಕೆ ಹೊಡೆಯುವುದಿಲ್ಲ. ಒಮ್ಮೊಮ್ಮೆ ಪಶ್ಚಿಮದಿಂದ ಮೋಡ ಬಂದು ಎರಡು ದಿನ ಹನಿ, ತಣ್ಣನೆಯ ಗಾಳಿ ಎಲ್ಲ ಆಗುತ್ತದೆ. ಅಂಥ ದಿನ ಲೆಕ್ಕ ತಲೆಕೆಳಗು. ಹೊರಡುವ ಮುಂಚೆ ಹವಾಮಾನ ಆ್ಯಪ್‌ನಲ್ಲಿ ಉಷ್ಣಾಂಶ ಆಮೇಲೆ ನೋಡಿ, ಮೊದಲು ಗಾಳಿಯ ಬಾಣ ಯಾವ ಕಡೆ ತಿರುಗಿದೆ ನೋಡಿ.

ತಿಂಗಳು: ನವೆಂಬರ್ ನಡುವಿನಿಂದ ಫೆಬ್ರವರಿ ಕೊನೆ. ಅದರಾಚೆ ಬೇಡವೇ ಬೇಡ. ನೀವು ಹಾದುಹೋಗುವ ಫಲೋದಿಯಲ್ಲಿ 2016ರ ಮೇ 19ರಂದು 51 ಡಿಗ್ರಿ ದಾಖಲಾಗಿತ್ತು. ಡಿಸೆಂಬರ್‌ನಲ್ಲಿ ಅದೇ ಊರಿನಲ್ಲಿ ಬೆಳಗ್ಗೆ ಬೆರಳು ಮರಗಟ್ಟಿ ಬ್ರೇಕ್ ಹಿಡಿಯಲು ಆಗುವುದಿಲ್ಲ. ಮಧ್ಯಾಹ್ನ ಮಾತ್ರ ಒಂದು ತೆಳು ಅಂಗಿ ಸಾಕು.

ಹಗಲಿನ ಲೆಕ್ಕ

ಬೆಂಗಳೂರಿನ ಅಭ್ಯಾಸದಲ್ಲಿ ಐದೂವರೆಗೆ ಎದ್ದು ಆರಕ್ಕೆ ಹೊರಡೋಣ ಅಂದುಕೊಂಡರೆ ಜೈಸಲ್ಮೇರಿನ ಕಡೆ ಅದು ನಡೆಯುವುದಿಲ್ಲ. ದೇಶದ ಪಶ್ಚಿಮದ ತುದಿ ಅದು. ಡಿಸೆಂಬರ್ ಕೊನೆಯಲ್ಲಿ ಸೂರ್ಯ ಹುಟ್ಟುವುದೇ ಏಳೂವರೆ ಹೊತ್ತಿಗೆ, ಮುಳುಗುವುದು ಆರಕ್ಕೆ ಸ್ವಲ್ಪ ಮೊದಲು. ಹತ್ತೂವರೆ ಗಂಟೆ ಬೆಳಕು, ಅಷ್ಟೇ. ಬಿಕಾನೇರಿನ ಕಡೆ ಕೆಲವು ದಿನ ಬೆಳಗ್ಗೆ ಮಂಜೂ ಇರುತ್ತದೆ. ಮಂಜಿನಲ್ಲಿ ಹೆದ್ದಾರಿಗೆ ಇಳಿಯಬೇಡಿ, ಚಹಾ ಕುಡಿಯುತ್ತಾ ಕಾಯಿರಿ.

ಈಗ ಲೆಕ್ಕ ಮಾಡೋಣ. ಸಾಮಾನು ಹೇರಿದ ಸೈಕಲ್ಲು ಬೆಳಗ್ಗೆ ಗಂಟೆಗೆ 16 ಕಿಲೋಮೀಟರ್ ಹೋಗುತ್ತದೆ ಅಂತಿಟ್ಟುಕೊಳ್ಳಿ. ಗಾಳಿ ಎದ್ದ ಮೇಲೆ, ನಿಧಾನದವರ ಕಾಲಿಗೆ ಅದು 11 ಆಗುತ್ತದೆ. ಊಟಕ್ಕೆ ಒಂದೂವರೆ ಗಂಟೆ, ನೀರು, ಪಂಕ್ಚರ್, ಫೋಟೋ, ಎದುರು ಬಂದ ಒಂಟೆ ಹಿಂಡು ಎಲ್ಲ ಸೇರಿ ಇನ್ನೊಂದು ಗಂಟೆ ಹೋಯಿತು. ಉಳಿದದ್ದು ಎಂಟು ಗಂಟೆ. ಎಂಟು ಹನ್ನೊಂದಲಿ ಎಂಬತ್ತೆಂಟು. ಅಂದರೆ ದಿನಕ್ಕೆ 80 ಕಿಲೋಮೀಟರ್ ಆರಾಮ, ನೂರಕ್ಕೆ ಕಷ್ಟ, ನೂರಿಪ್ಪತ್ತಕ್ಕೆ ಜಗಳ.

ಕತ್ತಲಾದ ಮೇಲೆ ತುಳಿಯಲೇಬೇಡಿ. ಕಳ್ಳಕಾಕರ ಭಯಕ್ಕೆ ಅಲ್ಲ. ರಾತ್ರಿ ಡಾಂಬರು ಬೆಚ್ಚಗಿರುತ್ತದೆ ಅಂತ ದನಗಳು ರಸ್ತೆ ಮೇಲೇ ಮಲಗಿರುತ್ತವೆ, ನೀಲಗಾಯ್ ಎಂಬ ದೊಡ್ಡ ಕಾಡುಪ್ರಾಣಿಗಳು ಅಡ್ಡ ಓಡುತ್ತವೆ, ಟ್ರಕ್ಕಿನವರು ಹೈಬೀಮ್ ಇಳಿಸುವುದಿಲ್ಲ.

ಹಾದಿಯ ತುಂಡುಗಳು

ಬಿಕಾನೇರ್–ಕೋಲಾಯತ್, ಸುಮಾರು 50 ಕಿಲೋಮೀಟರ್. ಮೊದಲ ದಿನ ಇಷ್ಟೇ ಸಾಕು. ರೈಲಿನಲ್ಲಿ ಬಂದ ಸೈಕಲ್ಲಿನಲ್ಲಿ ಏನು ಸಡಿಲಾಗಿದೆ, ಯಾವ ಚೀಲ ಹಿಮ್ಮಡಿಗೆ ತಾಗುತ್ತದೆ ಎನ್ನುವುದು ಗೊತ್ತಾಗುವುದು ಇವತ್ತೇ. ನಡುವೆ ಗಜನೇರ್ ಸಿಗುತ್ತದೆ. ಕೋಲಾಯತ್‌ನಲ್ಲಿ ಕೆರೆ, ಘಾಟು, ಕಪಿಲ ಮುನಿ ದೇವಸ್ಥಾನ ಇವೆ, ಉಳಿಯಲು ಧರ್ಮಶಾಲೆಗಳಿವೆ. ಕಾರ್ತಿಕ ಹುಣ್ಣಿಮೆಗೆ ಇಲ್ಲಿ ದೊಡ್ಡ ಜಾತ್ರೆ, ಆಗ ಜಾಗ ಸಿಗುವುದು ಕಷ್ಟ.

ಕೋಲಾಯತ್–ಫಲೋದಿ ಇಡೀ ಹಾದಿಯಲ್ಲೇ ಗಟ್ಟಿ ತುಂಡು, ಸುಮಾರು 115 ಕಿಲೋಮೀಟರ್. ಮೇಲಿನ ಲೆಕ್ಕದಂತೆ ಇದನ್ನು ಒಂದೇ ದಿನಕ್ಕೆ ಹಾಕಬಾರದು. ಬಾಪ್ ಊರಿನಲ್ಲಿ ಅಥವಾ ಅದಕ್ಕಿಂತ ಮೊದಲೇ ಯಾವುದಾದರೂ ಢಾಬಾದಲ್ಲಿ ಮುರಿಯಿರಿ. ಮರ ಕಡಿಮೆ. ಇರುವುದರಲ್ಲಿ ಖೇಜ್ಡಿ ಜಾಸ್ತಿ, ಅಂದರೆ ದಸರಾಕ್ಕೆ ನಾವು ಪೂಜೆ ಮಾಡುವ ಬನ್ನಿ ಮರವೇ. ಹಳ್ಳಿಯವರು ಸೊಪ್ಪಿಗೆ ಸವರಿರುತ್ತಾರೆ, ಚಳಿಗಾಲದಲ್ಲಿ ಅದರ ನೆರಳು ಹೆಸರಿಗಷ್ಟೇ. ಬಾಪ್ ಹತ್ತಿರ ಉಪ್ಪಿನ ಬಯಲು ಬಿಳಿಯಾಗಿ ಕಾಣುತ್ತದೆ. ದೇಶದ ಅತಿ ದೊಡ್ಡ ಸೋಲಾರ್ ಪಾರ್ಕುಗಳಲ್ಲಿ ಒಂದಾದ ಭಡ್ಲಾ ಇರುವುದೂ ಈ ಸೀಮೆಯಲ್ಲೇ. ಹಾಗಾಗಿ ದೊಡ್ಡ ಲಾರಿಗಳ ಓಡಾಟ ಇರುತ್ತದೆ.

ಫಲೋದಿಯಲ್ಲಿ ಒಂದು ರಾತ್ರಿ ಉಳಿದು ಬೆಳಗ್ಗೆ ಪಕ್ಕದ ಖೀಚನ್ ಹಳ್ಳಿಗೆ ಹೋಗದೇ ಬರಬೇಡಿ. ಮಧ್ಯ ಏಷ್ಯಾ, ಮಂಗೋಲಿಯಾ ಕಡೆಯಿಂದ ಕುರ್ಜಾ ಕೊಕ್ಕರೆಗಳು ಚಳಿಗಾಲ ಕಳೆಯಲು ಸಾವಿರಾರು ಸಂಖ್ಯೆಯಲ್ಲಿ ಬಂದು ಇಳಿಯುತ್ತವೆ. ಹಳ್ಳಿಯವರು ತಲೆಮಾರುಗಳಿಂದ ಕಾಳು ಹಾಕುತ್ತಿದ್ದಾರೆ. ಸೈಕಲ್ ದೂರ ನಿಲ್ಲಿಸಿ, ಮಾತು ಕಡಿಮೆ ಮಾಡಿ. ಇದರಿಂದ ಹೊರಡುವುದು ತಡವಾಗುತ್ತದೆ, ಪರವಾಗಿಲ್ಲ, ಯಾಕೆಂದರೆ ಆ ದಿನ ಫಲೋದಿಯಿಂದ ರಾಮದೇವ್ರಾ ಮೇಲೆ ಪೋಕರಣ್‌ಗೆ ಸುಮಾರು 60 ಕಿಲೋಮೀಟರ್ ಮಾತ್ರ. ರಾಮದೇವ್ರಾದಲ್ಲಿ ಈ ಸೀಮೆಯ ಜನಪದ ದೈವ ಬಾಬಾ ರಾಮದೇವರ (ಯೋಗಗುರು ಅಲ್ಲ) ಸಮಾಧಿ ಇದೆ. ಭಾದ್ರಪದದ ಜಾತ್ರೆಗೆ ಜನ ನೂರಾರು ಕಿಲೋಮೀಟರ್ ನಡೆದು ಬರುತ್ತಾರೆ. ಅದಕ್ಕೇ ಈ ಹಾದಿಯವರಿಗೆ ಬೆವರು ಸುರಿಸಿಕೊಂಡು ಬರುವವರೆಂದರೆ ಹೊಸದಲ್ಲ, ನೀರು ಕೇಳಿದರೆ ವಿಚಿತ್ರವಾಗಿ ನೋಡುವುದಿಲ್ಲ.

ಪೋಕರಣ್–ಜೈಸಲ್ಮೇರ್, ಸುಮಾರು 110. ನಡುವೆ ಲಾಠಿ, ಚಾಂದನ್ ಊರುಗಳು. ಬೆನ್ನಿಗೆ ಗಾಳಿ ಇದ್ದು ಇಬ್ಬರ ಕಾಲೂ ಸರಿ ಇದ್ದರೆ ಒಂದೇ ದಿನದಲ್ಲಿ ಮುಗಿಸಬಹುದು, ಆದರೆ ಆ ತೀರ್ಮಾನ ಲಾಠಿಯಲ್ಲಿ ಕೂತು ಮಾಡಿ, ಹಿಂದಿನ ರಾತ್ರಿ ಅಲ್ಲ. ಪೋಕರಣ್ ಅಂದರೆ 1974 ಮತ್ತು 1998ರ ಅಣು ಪರೀಕ್ಷೆ ನಡೆದ ಸೀಮೆ. ಸುತ್ತಮುತ್ತ ಸೇನೆಯ ಫೈರಿಂಗ್ ರೇಂಜ್ ಇದೆ. ಬೋರ್ಡು ಕಂಡ ಕಡೆ ರಸ್ತೆ ಬಿಟ್ಟು ಒಳಗೆ ಹೋಗುವುದು, ಟೆಂಟ್ ಹಾಕುವುದು ಬೇಡ. ಸೇನೆಯ ಲಾರಿಗಳ ಸಾಲು ಬಂದರೆ ಪಕ್ಕಕ್ಕೆ ನಿಲ್ಲಿ, ಫೋಟೋ ತೆಗೆಯಬೇಡಿ. ಆಧಾರ್ ಕಾರ್ಡ್ ಮೂಲಪ್ರತಿ ಜೇಬಿನಲ್ಲೇ ಇರಲಿ.

ಸೈಕಲ್ ಯಾವುದು, ಏನೇನು ಬೇಕು

ಹೊಸ ಸೈಕಲ್ ಕೊಳ್ಳುವ ಅಗತ್ಯ ಇಲ್ಲ. ಹಿಂದೆ ಕ್ಯಾರಿಯರ್ ಕೂರಿಸಲು ಫ್ರೇಮಿನಲ್ಲಿ ತೂತುಗಳಿರುವ, 35ರಿಂದ 42 ಮಿಲಿಮೀಟರ್ ಟೈರ್ ಹಿಡಿಸುವ ಹೈಬ್ರಿಡ್ ಸಾಕು. ಎಂಟಿಬಿ, ಅಂದರೆ ಮೌಂಟನ್ ಬೈಕ್ ಇದ್ದರೆ ಗುಬಟು ಟೈರ್ ತೆಗೆದು ನಯವಾದದ್ದು ಹಾಕಿ. ತೆಳು ಟೈರಿನ ರೋಡ್ ಬೈಕ್ ಮನೆಯಲ್ಲಿರಲಿ.

ವಾಲ್ವ್ ವಿಷಯ ಚಿಕ್ಕದು, ಆದರೆ ಹೇಳಲೇಬೇಕು. ಆ ಕಡೆಯ ಸೈಕಲ್ ಅಂಗಡಿಗಳ ಪಂಪು ನಮ್ಮ ಹಳೇ ಕಾಲದ ಕರಿ ಸೈಕಲ್ಲಿನ ವಾಲ್ವಿಗೆ ಮಾಡಿದ್ದು. ಬೈಕ್, ಕಾರಿನ ಥರದ ದಪ್ಪ ವಾಲ್ವ್ ನಿಮ್ಮದಾದರೆ ಹೆದ್ದಾರಿಯ ಯಾವ ಪಂಕ್ಚರ್ ಅಂಗಡಿಯಲ್ಲಾದರೂ ಗಾಳಿ ಸಿಗುತ್ತದೆ. ತೆಳ್ಳಗಿನ ಪ್ರೆಸ್ಟಾ ವಾಲ್ವ್ ಇದ್ದರೆ ಎರಡು ಅಡಾಪ್ಟರ್ ತಗೊಳ್ಳಿ. ಒಂದು ಕಳೆದುಹೋಗುವುದಕ್ಕೆ. ಇಬ್ಬರ ಸೈಕಲ್ಲಿನ ಚಕ್ರದ ಅಳತೆ ಒಂದೇ ಆಗಿದ್ದರೆ ಅರ್ಧ ಸಾಮಾನು ಉಳಿಯಿತು, ಟ್ಯೂಬು ಹಂಚಿಕೊಳ್ಳಬಹುದು.

ಇಬ್ಬರಿಗೂ ಸೇರಿ ಒಂದು ಸೆಟ್ ಸಾಕಾದ ಸಾಮಾನು: ಪಂಪು, ಮಲ್ಟಿಟೂಲ್, ಚೈನ್ ಕಟರ್, ಚೈನಿನ ಕ್ವಿಕ್ ಲಿಂಕ್, ಒಂದೊಂದು ಬ್ರೇಕ್ ಮತ್ತು ಗೇರ್ ಕೇಬಲ್, ಬ್ರೇಕ್ ಪ್ಯಾಡ್, ನಾಲ್ಕಾರು ಸ್ಪೋಕು, ಜಿಪ್ ಟೈ, ಔಷಧಿ ಡಬ್ಬಿ, ಟೆಂಟ್ ತಗೊಂಡರೆ ಟೆಂಟು. ಇಬ್ಬರ ಬಳಿಯೂ ಬೇರೆ ಬೇರೆ ಇರಲೇಬೇಕಾದದ್ದು: ನೀರು, ಫೋನು, ಇಳಿಸಿಕೊಂಡ ಆಫ್‌ಲೈನ್ ಮ್ಯಾಪು, ಸ್ವಲ್ಪ ನಗದು, ಪ್ಯಾಚು, ಎರಡೆರಡು ಟ್ಯೂಬು, ಓಆರ್‌ಎಸ್, ಹಿಂದಿನ ಕೆಂಪು ದೀಪ. ಒಬ್ಬರು ಎರಡು ಕಿಲೋಮೀಟರ್ ಮುಂದೆ ಹೋಗಿಬಿಟ್ಟು ಹಿಂದಿನವರ ಬಳಿ ಏನೂ ಇಲ್ಲದ ಸ್ಥಿತಿ ಬರಬಾರದು. ಭಾರದ ಸಾಮಾನು ಗಟ್ಟಿ ಕಾಲಿನವರ ಸೈಕಲ್ಲಿಗೆ ಹೋಗಲಿ. ಇಬ್ಬರ ವೇಗ ಸಮ ಮಾಡಲು ಇದಕ್ಕಿಂತ ಸುಲಭದ ಉಪಾಯ ಇಲ್ಲ.

ಚೈನಿಗೆ ಜಿಡ್ಡಾಗಿ ಉಳಿಯುವ ಒದ್ದೆ ಎಣ್ಣೆ ಹಾಕಬೇಡಿ. ಮರಳು ಅಂಟಿ ಅರೆಯುವ ಕಲ್ಲಾಗುತ್ತದೆ. ಮೇಣದ ಒಣ ಲ್ಯೂಬ್ ತಗೊಳ್ಳಿ. ದಿನಾ ಸಂಜೆ ಹಳೇ ಬನಿಯನ್ ಚೂರಿನಿಂದ ಚೈನು ಒರೆಸಿ, ಎರಡು ದಿನಕ್ಕೊಮ್ಮೆ ಲ್ಯೂಬ್ ಬಿಡಿ, ಹೆಚ್ಚಾದದ್ದನ್ನು ಮತ್ತೆ ಒರೆಸಿ.

ಬಟ್ಟೆ ಕಡಿಮೆ ಸಾಕು. ಪ್ಯಾಡ್ ಚಡ್ಡಿ ಎರಡು ಇರಲಿ. ದಿನಾ ಒಗೆಯಿರಿ, ಆ ಒಣ ಹವೆಗೆ ಬೇಗ ಒಣಗುತ್ತದೆ. ಒಗೆಯದ ಚಡ್ಡಿಯೇ ಸೀಟಿನ ಹುಣ್ಣಿಗೆ ಮೂಲ. ರಾತ್ರಿಗೆ ಒಳ್ಳೆ ಜಾಕೆಟ್, ಕಿವಿ ಮುಚ್ಚುವ ಟೋಪಿ, ಕೈಗವಸು. ತುಟಿ ಒಡೆಯುತ್ತದೆ, ಮೂಗಿನ ಒಳಗೆ ಒಣಗಿ ರಕ್ತ ಕಾಣಿಸುವುದೂ ಉಂಟು. ಮಲಗುವ ಮುಂಚೆ ಬೆರಳ ತುದಿಯಲ್ಲಿ ಒಂದಿಷ್ಟು ವ್ಯಾಸಲೀನ್ ಸವರಿಕೊಳ್ಳಿ.

ಬೆಂಗಳೂರಿನಿಂದ ಸೈಕಲ್ ಸಾಗಿಸುವುದು

ಯಶವಂತಪುರದಿಂದ ಬಿಕಾನೇರಿಗೆ ನೇರ ರೈಲಿದೆ. ನಿಮ್ಮ ಟಿಕೆಟ್ ತೋರಿಸಿ, ಸ್ಟೇಷನ್ನಿನ ಪಾರ್ಸೆಲ್ ಆಫೀಸಿನಲ್ಲಿ ಸೈಕಲ್ಲನ್ನು ಲಗೇಜ್ ಎಂದು ಬುಕ್ ಮಾಡಿ. ಪಾರ್ಸೆಲ್ ಎಂದಲ್ಲ. ಲಗೇಜ್ ಅಂದರೆ ನಿಮ್ಮ ರೈಲಿನ ಬ್ರೇಕ್‌ವ್ಯಾನಿನಲ್ಲೇ ಬರುತ್ತದೆ, ಪಾರ್ಸೆಲ್ ಅಂದರೆ ಯಾವಾಗ ಬಂದರೆ ಆಗ. ರೈಲು ಹೊರಡುವುದಕ್ಕೆ ಎರಡು ಮೂರು ಗಂಟೆ ಮೊದಲೇ ಹೋಗಿ, ರಸೀದಿ ಜೋಪಾನ ಮಾಡಿ. ಫ್ರೇಮಿಗೆ ರಟ್ಟು ಸುತ್ತಿ, ಅದರ ಮೇಲೆ ಹೊರಡುವ ಊರು, ಇಳಿಯುವ ಊರು ದಪ್ಪ ಅಕ್ಷರದಲ್ಲಿ ಬರೆಯಿರಿ. ದೀಪ, ಮೀಟರ್, ಬಾಟಲಿ ಕಳಚಿ ಜೊತೆಗಿಟ್ಟುಕೊಳ್ಳಿ. ಹಿಂದಿನ ಗೇರನ್ನು ದೊಡ್ಡ ಹಲ್ಲಿನ ಚಕ್ರಕ್ಕೆ ಹಾಕಿದರೆ ಡಿರೈಲರ್ (ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಭಾಗ) ಒಳಗೆ ಸರಿದು ಪೆಟ್ಟು ತಪ್ಪುತ್ತದೆ. ಪೆಡಲ್ ಬಿಚ್ಚುವಾಗ ನೆನಪಿಡಿ, ಎಡಗಡೆಯದರ ತಿರುಪು ಉಲ್ಟಾ. ಗಡಿಯಾರದ ಮುಳ್ಳು ತಿರುಗುವ ಕಡೆಗೆ ತಿರುಗಿಸಿದರೆ ಬಿಚ್ಚುತ್ತದೆ.

ನೀರು

ಚಳಿಗಾಲದಲ್ಲೂ ತುಳಿಯುವಾಗ ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ಬೇಕು. ಗಾಳಿ ಒಣ ಇರುವುದರಿಂದ ಬೆವರು ಬಂದದ್ದೇ ಗೊತ್ತಾಗುವುದಿಲ್ಲ, ಅಂಗಿಯ ಮೇಲೆ ಬಿಳಿ ಉಪ್ಪಿನ ಗೆರೆ ಕಂಡಾಗಲೇ ಗೊತ್ತಾಗುವುದು. ಬಾಯಾರಿಕೆ ಆಗಲಿ ಅಂತ ಕಾಯಬೇಡಿ. ಕೋಲಾಯತ್ ಬಿಡುವಾಗ, ಪೋಕರಣ್ ಬಿಡುವಾಗ ತಲಾ ನಾಲ್ಕು ಲೀಟರ್ ಇರಲಿ. ಫ್ರೇಮಿನಲ್ಲಿ ಎರಡು ಬಾಟಲಿ, ಉಳಿದದ್ದು ಚೀಲದ ತಳದಲ್ಲಿ, ಎರಡೂ ಬದಿಗೆ ಸಮ ತೂಕ. ತಳದಲ್ಲಿರುವ ನೀರನ್ನು ಮೀಸಲು ಅಂದುಕೊಳ್ಳಿ. ಅದಕ್ಕೆ ಕೈ ಹಾಕುವ ಪರಿಸ್ಥಿತಿ ಬಂದರೆ ಮುಂದಿನ ಜಾಗದಲ್ಲಿ ನಿಲ್ಲಲೇಬೇಕು.

ತುಂಬಿಸಿಕೊಳ್ಳುವುದು ಎಲ್ಲಿ? ಢಾಬಾಗಳಲ್ಲಿ ಕ್ಯಾಂಪರ್ ಅಂತ ಕರೆಯುವ ದೊಡ್ಡ ಡ್ರಮ್ಮಿನಂಥ ಜಾಡಿ ಇರುತ್ತದೆ. ಸಾಮಾನ್ಯವಾಗಿ ಫಿಲ್ಟರ್ ಮಾಡಿದ ನೀರು, ಆದರೂ ಕೇಳಿಯೇ ತುಂಬಿಸಿ. ಊಟ ಮಾಡಿದರೆ ಕಾಸು ಕೇಳುವವರು ಅಪರೂಪ. ಊರ ಹೊರಗೆ, ಬಸ್ ಸ್ಟಾಂಡಿನ ಹತ್ತಿರ ಪ್ಯಾವು ಸಿಗುತ್ತವೆ, ನಮ್ಮ ಅರವಟ್ಟಿಗೆಯೇ. ಕೊಳವೆಬಾವಿ ನೀರು ಬಹಳ ಕಡೆ ಸವಳು, ಫ್ಲೋರೈಡೂ ಇರುತ್ತದೆ. ಕೈಕಾಲು ತೊಳೆಯಲು ಸಾಕು, ಕುಡಿಯಲು ಬೇಡ. ಚಾಂದನ್ ಸುತ್ತ ಮಾತ್ರ ಭೂಮಿಯೊಳಗಿನ ನೀರು ಸಿಹಿ. ಮನೆಗಳ ಹತ್ತಿರ ನೆಲದಲ್ಲಿ ಹೂತ, ಮುಚ್ಚಳ ಹಾಕಿದ ಗುಂಡನೆಯ ತೊಟ್ಟಿ ಕಂಡರೆ ಅದು ಟಾಂಕಾ. ಮಳೆಗಾಲದಲ್ಲಿ ಅಂಗಳದಿಂದ ಹಿಡಿದಿಟ್ಟ ನೀರು, ಆ ಮನೆಯವರ ವರ್ಷದ ಗಂಟು. ಯಾರೂ ಇಲ್ಲದಾಗ ಮುಚ್ಚಳ ತೆಗೆಯುವುದು ಕಳ್ಳತನ. "ರಾಮ್ ರಾಮ್ ಸಾ" ಅಂತ ಬಾಗಿಲಲ್ಲಿ ನಿಂತು ಕೂಗಿ. ನೀವು ಕೇಳಿದ್ದು ಒಂದು ಬಾಟಲಿ ನೀರಾದರೆ ಬರುವುದು ನೀರು, ಮಜ್ಜಿಗೆ, ಆಮೇಲೆ ಚಹಾ. ಅರ್ಧ ಗಂಟೆ ಹೋಗುತ್ತದೆ. ಅದೂ ಲೆಕ್ಕದಲ್ಲಿರಲಿ.

ಓಆರ್‌ಎಸ್ ಪೊಟ್ಟಣ ಮುಗಿದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚದ ಅಂಚಿಗೆ ಸಮ ಮಾಡಿ ಹಾಕಿ, ಗುಡ್ಡೆ ಮಾಡಬೇಡಿ. ಊಟಕ್ಕೆ ಸಜ್ಜೆ ರೊಟ್ಟಿ, ಕಢಿ, ಬೇಳೆ, ಕೇರ್ ಸಾಂಗ್ರಿ ಪಲ್ಯ, ಬೆಲ್ಲ. ಉತ್ತರ ಕರ್ನಾಟಕದವರಿಗೆ ಸಜ್ಜೆ ರೊಟ್ಟಿ ಕಂಡರೆ ಊರಿಗೆ ಬಂದಷ್ಟು ಖುಷಿ, ಮೈಸೂರು ಕಡೆಯವರು ಮೂರನೇ ದಿನಕ್ಕೆ ಅನ್ನ ಹುಡುಕುತ್ತಾರೆ. ಬೆಳಗ್ಗೆ ಮಿರ್ಚಿ ವಡಾ, ಕಚೋರಿ ತಿಂದು ಸೈಕಲ್ ಹತ್ತಬೇಡಿ. ಸಂಜೆಗೆ ಇಟ್ಟುಕೊಳ್ಳಿ.

ಮುಳ್ಳು

ಇದಕ್ಕೆ ಸ್ವಲ್ಪ ಜಾಸ್ತಿ ಜಾಗ ಕೊಡುತ್ತೇನೆ, ಯಾಕೆಂದರೆ ಥಾರ್‌ನಲ್ಲಿ ನಿಮ್ಮನ್ನು ನಿಲ್ಲಿಸುವುದು ಮರಳಲ್ಲ, ಇದು. ಎರಡು ಜಾತಿ. ಒಂದು ವಿಲಾಯತಿ ಬಬೂಲ್, ನಮ್ಮ ಬಳ್ಳಾರಿ ಜಾಲಿ. ಕಡಿದು ಹಾಕಿದ ಕೊಂಬೆ ರಸ್ತೆ ಅಂಚಿನಲ್ಲಿ ಬಿದ್ದಿರುತ್ತದೆ. ಇನ್ನೊಂದು ನೆಗ್ಗಿಲು, ಅಲ್ಲಿ ಗೋಖರು ಅನ್ನುತ್ತಾರೆ. ನೆಲಕ್ಕೆ ಹರಡುವ ಬಳ್ಳಿ, ಕಡಲೆ ಗಾತ್ರದ ಕಾಯಿ. ಕಾಯಿ ಒಣಗಿ ಒಡೆದರೆ ಪ್ರತಿ ಹೋಳಿಗೂ ಗಟ್ಟಿ ಕೊಂಬು. ಹೇಗೆ ಬಿದ್ದರೂ ಒಂದು ಕೊಂಬು ಮೇಲಕ್ಕೇ.

ಮೊದಲ ನಿಯಮ: ಡಾಂಬರು ಬಿಟ್ಟು ಸೈಕಲ್ ಇಳಿಸುವಾಗ ಉರುಳಿಸಬೇಡಿ, ಎತ್ತಿಕೊಂಡು ಹೋಗಿ. ನೆರಳಿಗೆ ಹೋಗುವಾಗ, ಮೂತ್ರಕ್ಕೆ ನಿಂತಾಗ, ಫೋಟೋ ತೆಗೆಯುವಾಗ, ಯಾವಾಗಲೂ. ಟ್ಯೂಬಿನೊಳಗೆ ಸೀಲೆಂಟ್ ಹಾಕಿಸಿಕೊಂಡರೆ ಸಣ್ಣ ತೂತು ತಾನೇ ಮುಚ್ಚಿಕೊಳ್ಳುತ್ತದೆ, ಖರ್ಚಿಗೆ ಮೋಸ ಇಲ್ಲ.

ಪಂಕ್ಚರ್ ಆಯಿತು ಅನ್ನಿ. ಚಕ್ರ ಬಿಚ್ಚುವ ಮುಂಚೆ ಟೈರನ್ನು ನಿಧಾನ ತಿರುಗಿಸುತ್ತಾ ಹೊರಗಿನಿಂದ ನೋಡಿ. ನೆಗ್ಗಿಲು ಕಂದು ಚುಕ್ಕೆಯ ಹಾಗೆ ಕಾಣುತ್ತದೆ, ಉಗುರು ತಾಗಿಸಿದರೆ ಗಡುಸು. ಕಂಡ ತಕ್ಷಣ ಕೀಳಬೇಡಿ. ಮೊದಲು ಆ ಜಾಗಕ್ಕೆ ಪೆನ್ನಿನಿಂದ ಗುರುತು ಹಾಕಿ, ಇಡೀ ಸುತ್ತು ನೋಡಿ ಮುಗಿಸಿ, ಯಾಕೆಂದರೆ ಒಂದು ಸಿಕ್ಕಲ್ಲಿ ನಾಲ್ಕು ಇರುತ್ತವೆ. ಆಮೇಲೆ ಒಂದು ಬದಿಯ ಟೈರ್ ಎತ್ತಿ ಟ್ಯೂಬ್ ತೆಗೆದು, ಗಾಳಿ ತುಂಬಿ, ಕೆನ್ನೆ ಹತ್ತಿರ ಹಿಡಿದು ತಿರುಗಿಸಿ. ನೀರಲ್ಲಿ ಮುಳುಗಿಸಿ ನೋಡುವಷ್ಟು ನೀರು ನಿಮ್ಮ ಹತ್ತಿರ ಇಲ್ಲ, ಕೆನ್ನೆಗೆ ತಣ್ಣಗೆ ಗಾಳಿ ತಾಗುವುದು ಚೆನ್ನಾಗಿಯೇ ಗೊತ್ತಾಗುತ್ತದೆ. ಬೀಸುವ ಗಾಳಿ ಜೋರಿದ್ದರೆ ಗೆಳೆಯ ಬೆಡ್‌ಶೀಟ್ ಹಿಡಿದು ಅಡ್ಡ ನಿಲ್ಲಲಿ. ತೂತಿನ ಸುತ್ತ ಸ್ಯಾಂಡ್‌ಪೇಪರ್ ಉಜ್ಜಿ, ಸೊಲ್ಯೂಷನ್ ತೆಳ್ಳಗೆ ಹಚ್ಚಿ, ಅದು ಹೊಳಪು ಕಳೆದುಕೊಳ್ಳುವ ತನಕ ಕಾಯಿರಿ. ಇಲ್ಲಿ ಆತುರ ಪಟ್ಟರೆ ಪ್ಯಾಚು ನಿಲ್ಲುವುದಿಲ್ಲ. ಪ್ಯಾಚಿಗೆ ಒಂದು ಕಣ ಮರಳು ಅಂಟಿದರೂ ಕೆಲಸ ಕೆಟ್ಟಿತು, ಹಾಗಾಗಿ ಎಲ್ಲವನ್ನೂ ಹೆಲ್ಮೆಟ್ಟಿನೊಳಗೆ ಇಟ್ಟುಕೊಂಡು ಮಾಡಿ. ಟೈರಿನ ಒಳಮೈಯನ್ನು ಹತ್ತಿಯ ಉಂಡೆಯಿಂದ ಸವರಿ. ಬೆರಳಿನಿಂದ ಅಲ್ಲ, ಮುಳ್ಳಿನ ಮುರಿದ ತುದಿ ಬೆರಳಿಗೇ ಚುಚ್ಚುತ್ತದೆ. ಎಳೆ ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಇನ್ನೊಂದು ಮುಳ್ಳಿದೆ. ಎಲ್ಲ ತೆಗೆದ ಮೇಲೆ ಟೈರ್ ಕೂರಿಸಿ.

ಆತುರ ಇದ್ದರೆ ಹೊಸ ಟ್ಯೂಬ್ ಹಾಕಿ ಹೊರಡಿ, ಪ್ಯಾಚು ಸಂಜೆಗೆ. ಆದರೆ ಟೈರ್ ಒಳಗೆ ಸವರುವುದನ್ನು ಮಾತ್ರ ಬಿಡಬೇಡಿ.

ಮರಳು ಸಿಕ್ಕಾಗ

ಹೆದ್ದಾರಿಯಲ್ಲಿ ಮರಳು ಸಿಗುವುದು ಕಡಿಮೆ, ಸಿಗುವುದು ಜೈಸಲ್ಮೇರಿನ ಆಚೆಯ ಸಮ್ ಅಥವಾ ಖೂರಿ ಕಡೆಯ ಪಕ್ಕದ ರಸ್ತೆಗಳಲ್ಲಿ. ಗಾಳಿಗೆ ದಿಬ್ಬ ಸರಿದು ಡಾಂಬರಿನ ಮೇಲೆ ನಾಲಿಗೆಯಂತೆ ಚಾಚಿರುತ್ತದೆ. ದೂರದಿಂದಲೇ ಹಗುರ ಗೇರಿಗೆ ಬನ್ನಿ, ಭಾರ ಹಿಂದೆ ಹಾಕಿ, ಹ್ಯಾಂಡಲ್ ಸಡಿಲವಾಗಿ ನೇರ ಹಿಡಿಯಿರಿ. ಬ್ರೇಕ್ ಒತ್ತಬೇಡಿ, ತಿರುಗಿಸಬೇಡಿ. ಎರಡು ಮೂರು ಮೀಟರ್ ಇದ್ದರೆ ದಾಟುತ್ತದೆ, ಅದಕ್ಕಿಂತ ಜಾಸ್ತಿ ಇದ್ದರೆ ಇಳಿದು ತಳ್ಳಿ. ಇದರಲ್ಲಿ ಮಾನ ಹೋಗುವಂಥದ್ದು ಏನಿಲ್ಲ.

ಗೆಳೆಯ

ಹೊರಡುವ ಮುಂಚೆ ಒಂದು ಸಂಜೆ ಕೂತು ಕೆಲವು ವಿಷಯ ಮಾತಾಡಿಕೊಳ್ಳಿ. ಎಷ್ಟು ಹೊತ್ತಿಗೆ ಏಳುವುದು, ದಿನಕ್ಕೆ ಎಷ್ಟು ಖರ್ಚು, ಎಸಿ ರೂಮಾ ಢಾಬಾದ ಚಾರ್ಪಾಯಿಯಾ (ಹಗ್ಗದ ಮಂಚ), ಫೋಟೋಗೆ ಎಷ್ಟು ಸಲ ನಿಲ್ಲುವುದು. ಆಮೇಲೆ ಒಂದು ಒಪ್ಪಂದ: ಇಬ್ಬರಲ್ಲಿ ಯಾರಾದರೂ "ಸಾಕು ಕಣೋ, ಇವತ್ತಿಗೆ ನಿಲ್ಸೋಣ" ಅಂದರೆ ಮುಗಿಯಿತು. ವಾದ ಇಲ್ಲ, ಇನ್ನು ಹತ್ತೇ ಕಿಲೋಮೀಟರ್ ಅನ್ನುವ ಪುಸಲಾವಣೆ ಇಲ್ಲ.

ಮುಂದೆ ಯಾರು ಇರಬೇಕು? ಗಾಳಿ ಇಲ್ಲದಾಗ ನಿಧಾನದವರು ಮುಂದೆ. ಅವರ ವೇಗವೇ ಇಬ್ಬರದ್ದೂ ಆಗುತ್ತದೆ, ಹಿಂದೆ ಬಿದ್ದೆ ಎಂಬ ಕೊರಗೂ ಇರುವುದಿಲ್ಲ. ಎದುರು ಗಾಳಿ ಇದ್ದಾಗ ಗಟ್ಟಿಗರು ಮುಂದೆ, ಇನ್ನೊಬ್ಬರು ಒಂದು ಚಕ್ರದಷ್ಟು ಅಂತರ ಬಿಟ್ಟು ಹಿಂದೆ. ಹಿಂದಿನವರಿಗೆ ಶ್ರಮ ಎಷ್ಟು ಕಡಿಮೆಯಾಗುತ್ತದೆ ಎನ್ನುವುದು ಒಮ್ಮೆ ಪಕ್ಕಕ್ಕೆ ಸರಿದು ನೋಡಿದರೆ ತಕ್ಷಣ ಗೊತ್ತಾಗುತ್ತದೆ. ಗುಂಡಿ, ಗಾಜು, ನಾಯಿ ಕಂಡರೆ ಮುಂದಿನವರು ಕೈ ಮಾಡಿ ತೋರಿಸಬೇಕು. ಟ್ರಕ್ಕಿನ ಸದ್ದು ಕೇಳಿದರೆ ಪಕ್ಕಪಕ್ಕ ತುಳಿಯುವುದು ಬಂದ್, ಒಂದೇ ಸಾಲು. ಹೆದ್ದಾರಿಯಲ್ಲಿ ಟ್ರಕ್ ಹಾದುಹೋದಾಗ ಮೊದಲು ಹೊರಗೆ ದೂಡುತ್ತದೆ, ಮರುಕ್ಷಣ ಒಳಗೆ ಎಳೆಯುತ್ತದೆ. ಹ್ಯಾಂಡಲ್ ಗಟ್ಟಿಯಾಗಿ ಹಿಡಿಯಿರಿ.

ಇಬ್ಬರೂ ಬೇರೆ ಬೇರೆಯಾಗಿ ಹೋಗುವ ಮೂಡು ಬಂದರೆ, ಬರುತ್ತದೆ, ಹತ್ತು ಕಿಲೋಮೀಟರಿಗೊಂದು ಕಲ್ಲಿನ ಹತ್ತಿರ ಕಾಯುವುದು ಅಂತ ಇಟ್ಟುಕೊಳ್ಳಿ. ಮುಂದಿನವರು ಕಾಯುತ್ತಾ ಸುಸ್ತು ಆರಿಸಿಕೊಂಡಿರುತ್ತಾರೆ, ಹಿಂದಿನವರು ಬಂದ ಕೂಡಲೇ ಹೊರಟುಬಿಡುತ್ತಾರೆ. ಹಾಗೆ ಮಾಡಬೇಡಿ, ಬಂದವರಿಗೂ ಐದು ನಿಮಿಷ ಕೊಡಿ. ಇದೊಂದು ವಿಷಯಕ್ಕೆ ಮಾತು ಬಿಟ್ಟ ಜೋಡಿಗಳಿವೆ.

ಗೆಳೆಯನ ಮೇಲೆ ಕಣ್ಣಿಡಿ. ಸುಮ್ಮಸುಮ್ಮನೆ ಸಿಡುಕುವುದು, ಮಾತು ತೊದಲುವುದು, ಬಿಸಿಲಲ್ಲೂ ಚಳಿ ಅನ್ನುವುದು, ರಸ್ತೆಯಲ್ಲಿ ಅಡ್ಡಾದಿಡ್ಡಿ ಹೋಗುವುದು ಕಂಡರೆ ಅದು ಸ್ವಭಾವ ಅಲ್ಲ, ನೀರು ಉಪ್ಪು ಕಡಿಮೆಯಾದ ಲಕ್ಷಣ, ಬಿಸಿಲಿನ ಪೆಟ್ಟೂ ಇರಬಹುದು. ನೆರಳಿಗೆ ಕರೆತನ್ನಿ, ಬಟ್ಟೆ ಸಡಿಲಿಸಿ, ಒದ್ದೆ ಬಟ್ಟೆ ಕುತ್ತಿಗೆ, ಕಂಕುಳಿಗೆ ಇಡಿ, ಪ್ರಜ್ಞೆ ಸರಿಯಿದ್ದರೆ ಮಾತ್ರ ಗುಟುಕು ಗುಟುಕು ಓಆರ್‌ಎಸ್ ಕೊಡಿ. ಮಾತು ಸರಿಹೋಗದಿದ್ದರೆ 108ಕ್ಕೆ ಫೋನ್ ಮಾಡಿ. ನೆರಳು ಇಲ್ಲವೆಂದರೆ ರಸ್ತೆಯ ಕೆಳಗಿನ ಮೋರಿ ನೋಡಿ. ಮಳೆ ಇಲ್ಲದ ಕಾಲಕ್ಕೆ ಒಣಗಿ ತಂಪಾಗಿರುತ್ತದೆ. ಒಳಗೆ ಹೋಗುವ ಮುಂಚೆ ಕೋಲಿನಿಂದ ನೆಲ ಬಡಿಯಿರಿ.

ರಾತ್ರಿ ಎಲ್ಲಿ

ಟೆಂಟ್ ಹೊರಬೇಕಾ? ನನ್ನ ಕೇಳಿದರೆ ಬೇಡ. ಊರುಗಳಲ್ಲಿ ಧರ್ಮಶಾಲೆ, ಲಾಡ್ಜು ಇವೆ. ಹೆದ್ದಾರಿ ಢಾಬಾಗಳಲ್ಲಿ ಊಟ ಮಾಡಿ ಕೇಳಿದರೆ ಚಾರ್ಪಾಯಿ, ರಜಾಯಿ ಕೊಡುವವರಿದ್ದಾರೆ. ಕತ್ತಲಾಗುವುದಕ್ಕೆ ಒಂದು ಗಂಟೆ ಮೊದಲೇ ಕೇಳಿ. ಆಗ ನೀವು ಅತಿಥಿ, ಕತ್ತಲಾದ ಮೇಲೆ ಹೋದರೆ ಅನುಮಾನದ ಮನುಷ್ಯರು. ಢಾಣಿ ಅಂದರೆ ಹೊಲದ ನಡುವಿನ ನಾಲ್ಕಾರು ಮನೆ. ಅಲ್ಲಿ ಉಳಿಯುವುದಾದರೆ ಮನೆಯ ಹಿರಿಯರನ್ನೇ ಕೇಳಬೇಕು. ಹೆಣ್ಣುಮಕ್ಕಳು ಒಬ್ಬರೇ ಇರುವ ಮನೆಗೆ ಗಂಡಸರಿಬ್ಬರು ಹೋಗಿ ನಿಲ್ಲುವುದು ಬೇಡ. ಕುರಿ ಕಾಯುವ ನಾಯಿಗಳು ಅಟ್ಟಿಸಿಕೊಂಡು ಬಂದರೆ ಸೈಕಲ್ ಜೋರಾಗಿ ಓಡಿಸಬೇಡಿ, ಇಳಿದು ಸೈಕಲ್ಲನ್ನು ನಡುವೆ ಇಟ್ಟುಕೊಂಡು ನಡೆಯಿರಿ. ಸೈಕಲ್ ನಿಂತ ಕೂಡಲೇ ಬಹುಪಾಲು ನಾಯಿಗಳಿಗೆ ಆಸಕ್ತಿ ಹೋಗುತ್ತದೆ.

ಬಯಲಲ್ಲಿ ಮಲಗಿದರೆ ಬೆಳಗ್ಗೆ ಶೂ ಕೊಡವಿಯೇ ಹಾಕಿಕೊಳ್ಳಿ. ಚೇಳು, ಗರಗಸ ಮಂಡಲ ಹಾವು ಎರಡೂ ಈ ಸೀಮೆಯವು. ಚಳಿಯಲ್ಲಿ ಓಡಾಟ ಕಡಿಮೆ, ಇಲ್ಲವೇ ಇಲ್ಲ ಎಂದಲ್ಲ.

ಜೈಸಲ್ಮೇರ್ ಮುಟ್ಟಿದ ಮೇಲೆ

ಒಂದು ದಿನ ಪೂರ್ತಿ ಸುಮ್ಮನಿರಿ. ಕೋಟೆಯ ಒಳಗೆ ಇವತ್ತಿಗೂ ಜನ ವಾಸ ಇದ್ದಾರೆ. ಗಲ್ಲಿಗಳು ಕಿರಿದು, ಸೈಕಲ್ ಕೆಳಗೇ ಬಿಟ್ಟು ನಡೆದು ಹೋಗಿ. ಮಾರನೇ ದಿನ ಖಾಲಿ ಸೈಕಲ್ಲಿನಲ್ಲಿ ಸಮ್ ದಿಬ್ಬಗಳಿಗೆ ಹೋಗಿ, ಸುಮಾರು 40 ಕಿಲೋಮೀಟರ್, ದಾರಿಯಲ್ಲಿ ಸ್ವಲ್ಪ ಒಳಗೆ ಹೋದರೆ ಪಾಳುಬಿದ್ದ ಕುಲಧರಾ ಹಳ್ಳಿ. ಸಮ್‌ನಲ್ಲಿ ಸಂಜೆಯಾದರೆ ಜೀಪು, ಡಿಜೆ, ಗದ್ದಲ. ಅದು ಇಷ್ಟ ಇಲ್ಲದಿದ್ದರೆ ಖೂರಿ ವಾಸಿ. ಕಾಲಿಗೆ ಇನ್ನೂ ಹುಮ್ಮಸ್ಸಿದ್ದರೆ ಬಾಡ್ಮೇರ್ ರಸ್ತೆಯಲ್ಲಿ ಹದಿನೇಳು ಹದಿನೆಂಟು ಕಿಲೋಮೀಟರ್ ದೂರದ ಆಕಲ್‌ಗೆ ಹೋಗಿ, ಕಲ್ಲಾದ ಮರದ ದಿಮ್ಮಿಗಳು ಬಯಲಲ್ಲಿ ಬಿದ್ದಿವೆ. ಒಂದು ಕಾಲಕ್ಕೆ ಇಲ್ಲಿ ಕಾಡಿತ್ತು ಅನ್ನುವುದಕ್ಕೆ ಸಾಕ್ಷಿ.

ವಾಪಸ್ ಬರಲು ಜೈಸಲ್ಮೇರಿನಿಂದ ಜೋಧಪುರಕ್ಕೆ ರೈಲು, ಅಲ್ಲಿಂದ ಬೆಂಗಳೂರಿಗೆ ನೇರ ರೈಲು. ಎರಡು ರೈಲಿಗೂ ಬೇರೆ ಬೇರೆ ಲಗೇಜ್ ಬುಕಿಂಗ್ ಮಾಡಿಸಬೇಕು, ನಡುವೆ ಒಂದು ಹಗಲು ಬಿಡುವು ಇಟ್ಟುಕೊಳ್ಳಿ. ಬುಕ್ ಮಾಡುವ ಮುಂಚೆ ಸೀಟ್‌ಪೋಸ್ಟ್ ಹೊರಗೆ ಎಳೆದು ಒರೆಸಿ, ಸೈಕಲ್ ತಲೆಕೆಳಗು ಮಾಡಿ ಸೀಟಿನ ಕೊಳವೆಯಿಂದ ಮರಳು ಸುರಿದುಬಿಡಿ. ಬ್ರಷ್‌ನಿಂದ ಚೈನು, ಬ್ರೇಕು ಉಜ್ಜಿ. ನೀರು ಹೊಡೆದು ತೊಳೆಸಬೇಡಿ, ಬೇರಿಂಗಿನ ಒಳಗೆ ಮರಳು ಹೋಗುತ್ತದೆ. ಊರಿಗೆ ಬಂದ ಮೇಲೆ ಹಬ್ಬು, ಬಾಟಮ್ ಬ್ರಾಕೆಟ್ (ಪೆಡಲ್ ತಿರುಗುವ ಅಚ್ಚಿನ ಜಾಗ) ಬಿಚ್ಚಿಸಿ ಹೊಸ ಗ್ರೀಸ್ ಹಾಕಿಸಿ, ಚೈನ್ ಎಷ್ಟು ಹಿಗ್ಗಿದೆ ಅಂತ ಅಳೆಸಿ.